ಬಣ್ಣದ ಕೆಳಗಿನ ಬಂಡಿ

ಬನಶಂಕರಿಯಿಂದ ಹೊರಟು, ಪದ್ಮನಾಭನಗರವನ್ನು ಹಿಂದಿಕ್ಕಿ, ಉತ್ತರಹಳ್ಳಿಯ ಕಡೆಗೆ ಸಾಗುವ ದಾರಿಯಲ್ಲಿ ಚಿಕ್ಕಲಸಂದ್ರ ಸಿಕ್ಕುತ್ತದೆ. ಸಿಕ್ಕುತ್ತದೆ ಎನ್ನುವುದಕ್ಕಿಂತ ಕಣ್ತಪ್ಪಿಸಿ ದಾಟಿಹೋಗುತ್ತದೆ ಎಂದರೆ ಹೆಚ್ಚು ಸರಿಯಾದೀತು. ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಈ ಊರು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದು ತಿಳಿಯುವುದಿಲ್ಲ. ಅಂಗಡಿಯ ಸಾಲಿಗೆ ಅಂಗಡಿಯ ಸಾಲು ಕೂಡಿಕೊಂಡಿದೆ. ಒಂದು ಬಡಾವಣೆಯ ಬೆನ್ನಿಗೆ ಇನ್ನೊಂದು ಬಡಾವಣೆ ಅಂಟಿಕೊಂಡಿದೆ. ಆದರೆ ಹೆಸರು ಮಾತ್ರ ಹಳೆಯದನ್ನು ಬಿಟ್ಟುಕೊಟ್ಟಿಲ್ಲ. ಬೆಂಗಳೂರಿನ ಸುತ್ತಲಿನ ‘ಸಂದ್ರ’ಗಳೆಲ್ಲ ‘ಸಮುದ್ರ’ಗಳೆಂದು ತಿಳಿದವರು ಹೇಳುತ್ತಾರೆ. ಕಡಲನ್ನು ಕಾಣದ ಮೈಸೂರು ಸೀಮೆಯ ರೈತನಿಗೆ ತನ್ನೂರ ಕೆರೆಯೇ ಸಮುದ್ರವಾಗಿತ್ತು. ಕನಕಪುರದ ರಸ್ತೆಯ ಬದಿಯಲ್ಲಿ ಮೆಟ್ರೊ ನಿಲ್ದಾಣದಿಂದ ಈಗ ಹೆಸರು ಪಡೆದಿರುವ ದೊಡ್ಡಕಲ್ಲಸಂದ್ರವನ್ನು ನೆನೆದರೆ, ಇದು ಅದರ ತಮ್ಮನಿರಬೇಕೆಂದು ಯಾರಿಗಾದರೂ ತೋರುತ್ತದೆ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ್ದ ಹಳ್ಳಿ ಇದು. ಹೊಲಗಳು ನಿವೇಶನಗಳಾದವು, ನಿವೇಶನಗಳು ಮನೆಗಳಾದವು, ಮನೆಗಳ ಮೇಲೆ ಮನೆಗಳೆದ್ದವು.

ಇಂಥ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಒಂದು ವಿಶೇಷವುಂಟು. ನಗರದ ನಡುವೆ ನೆಲ ದುಬಾರಿಯಾದಂತೆ, ಕೈಕೆಲಸದವರು ಅಂಚಿಗೆ ಸರಿಯುತ್ತ ಬಂದರು. ತಗಡಿನ ಮಾಡಿನ ಷೆಡ್ಡು, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ಮಣ್ಣು, ಗೋಡೆಗೆ ತೂಗುಹಾಕಿದ ಹಳೆಯ ಟೈರು, ಒಳಗಿನಿಂದ ಟಿಂಕರಿಂಗ್ ಸುತ್ತಿಗೆಯ ಸದ್ದು! ಬೆಂಗಳೂರಿಗೆ ತಗಡು ಬಡಿಯುವ ವಿದ್ಯೆ ಹೊಸದಲ್ಲ. 1940ರಲ್ಲಿ ಇಲ್ಲಿ ವಿಮಾನದ ಕಾರಖಾನೆ ಸ್ಥಾಪನೆಯಾದಂದಿನಿಂದ ಅಲ್ಯುಮಿನಿಯಂ ಹಾಳೆಯನ್ನು ಬೇಕಾದ ಬಾಗಿಗೆ ತರಬಲ್ಲ ಕೈಗಳು ಈ ಊರಿನಲ್ಲಿ ತಯಾರಾದವು, 1953ರಲ್ಲಿ ಎಚ್.ಎಂ.ಟಿ. ಬಂದ ಮೇಲೆ ಕೂದಲೆಳೆಯ ಅಳತೆಗೆ ಲೇತು ಓಡಿಸುವವರೂ ಹೆಚ್ಚಿದರು. ಆ ದೊಡ್ಡ ಕಾರಖಾನೆಗಳಲ್ಲಿ ಪಳಗಿದ ಕೌಶಲ ಹೊರಗಿನ ಸಣ್ಣ ಷೆಡ್ಡುಗಳಿಗೂ ಹರಿಯಿತು. ಇವತ್ತು ಹಳೆಯ ಮೋಟಾರುಗಾಡಿಗಳ ಹುಚ್ಚು ಹತ್ತಿದವರು ಬೆಂಗಳೂರನ್ನು ಹುಡುಕಿಕೊಂಡು ಬರುವುದಕ್ಕೆ ಹವೆಯೊಂದೇ ಕಾರಣವಲ್ಲ.

ಹವೆಯೂ ಕಾರಣವೇ ಎನ್ನಬೇಕು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ, ಉಪ್ಪುಗಾಳಿಯ ಸೋಂಕಿಲ್ಲದ ಈ ಊರಿನಲ್ಲಿ ಕಬ್ಬಿಣ ಬಹಳ ಕಾಲ ಬದುಕುತ್ತದೆ. ಮಂಗಳೂರಿನಲ್ಲೋ ಮದರಾಸಿನಲ್ಲೋ ಇಪ್ಪತ್ತು ಮಳೆಗಾಲ ಕಳೆದ ಗಾಡಿಗೂ, ಬೆಂಗಳೂರಿನ ಹಂಚಿನ ಮನೆಯ ಹಿಂದೆ ನಲವತ್ತು ವರ್ಷ ನಿಂತ ಗಾಡಿಗೂ ಇರುವ ಅಂತರವನ್ನು ಕೆಳಗೆ ಮಲಗಿ ನೋಡಿದವರೇ ಬಲ್ಲರು. ಹಳೆಯ ಗಾಡಿಯನ್ನು ಕೊಳ್ಳಹೊರಟವನು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಓಡಿದೆ?’ ಎಂಬುದಲ್ಲ, ‘ಎಲ್ಲಿ ನಿಂತಿತ್ತು?’ ಎಂಬುದು.

ಚಿಕ್ಕಲಸಂದ್ರದ ಒಂದು ಅಡ್ಡರಸ್ತೆಯಲ್ಲಿ, ಮನೆಯ ಪಕ್ಕದ ಷೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ ಎಂ.ಜಿ. ಟಿ.ಸಿ. ಎಂಬ ಗಾಡಿಯೊಂದು ನಿಂತಿದೆಯೆಂದು ವಾಚಕರು ಇಟ್ಟುಕೊಳ್ಳಲಿ. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಗಾಡಿ ಅವರ ತಂದೆಯದು. ತಂದೆ ಹೋದ ಮೇಲೆ ಅದು ಓಡಿಲ್ಲ. ಈಗ ಮಗನೊಬ್ಬ ಹೊರದೇಶದಿಂದ ಕಾಗದ ಬರೆದಿದ್ದಾನೆ: ‘ಅಪ್ಪಾ, ಅದನ್ನು ಸರಿಮಾಡಿಸಿ, ಇಲ್ಲವೇ ಕೊಟ್ಟುಬಿಡಿ.’ ಯಜಮಾನರ ಕೈಯಲ್ಲಿ ಎರಡು ಎಸ್ಟಿಮೇಟುಗಳಿವೆ. ಒಂದು ಇನ್ನೊಂದರ ಮೂರರಷ್ಟು. ಅಗ್ಗದ ಎಸ್ಟಿಮೇಟಿನವನು ಆರು ತಿಂಗಳಲ್ಲಿ ‘ಷೋರೂಮಿನಿಂದ ಬಂದ ಹಾಗೆ’ ಮಾಡಿಕೊಡುತ್ತಾನಂತೆ. ದುಬಾರಿಯವನು ಕಾಲಾವಧಿಯನ್ನೇ ಹೇಳಲೊಲ್ಲ. ಪಿಂಚಣಿಯ ಮೇಲೆ ಬದುಕುವ ಮನುಷ್ಯ ಯಾರ ಮಾತನ್ನು ನಂಬಬೇಕು?

ಈ ಗಾಡಿಯ ಪರಿಚಯವನ್ನು ಇಲ್ಲಿ ಸ್ವಲ್ಪ ಮಾಡಿಕೊಡಲೇಬೇಕು. ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಿಂದ ಟಿ.ಸಿ. ಹೊರಬರತೊಡಗಿತು, 1949ರವರೆಗೆ ಸುಮಾರು 10,000 ಗಾಡಿಗಳು ತಯಾರಾದವು. ಇಬ್ಬರೇ ಕೂಡಬಹುದಾದ, ನೆತ್ತಿಯ ಮೇಲೆ ಬಟ್ಟೆಯ ಮಾಡಿನ, ಉದ್ದ ಮೂತಿಯ ಕಿರಿದಾದ ಬಂಡಿ. ಬೈಸಿಕಲ್ಲಿನ ಗಾಲಿಯಂತೆ ಕಡ್ಡಿಗಳಿರುವ 19 ಅಂಗುಲದ ಚಕ್ರಗಳು, 1,250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು. ಶಕ್ತಿ ಸುಮಾರು 54 ಅಶ್ವಗಳಷ್ಟು ಮಾತ್ರ. ಈಗಿನ ಸಾಧಾರಣ ಸಂಸಾರದ ಕಾರು ಕೂಡ ಇದನ್ನು ನಿರಾಯಾಸವಾಗಿ ಹಿಂದೆ ಹಾಕೀತು. ಆದರೆ ಇದರಲ್ಲಿ ಕುಳಿತವನಿಗೆ ಮೂವತ್ತು ಮೈಲಿಯ ವೇಗ ಅರವತ್ತರಂತೆ ತೋರುತ್ತದೆ. ನೆಲ ಅಷ್ಟು ಹತ್ತಿರ, ಗಾಳಿ ಅಷ್ಟು ಸಲಿಗೆ! ಬಲಗೈ ಚಾಲನೆಯ ರೂಪದಲ್ಲಿ ಮಾತ್ರ ತಯಾರಾದ ಗಾಡಿಯಾದ್ದರಿಂದ ಭಾರತದ ರಸ್ತೆಗೆ ಅದು ಹೊಂದಿಕೊಂಡಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇಲ್ಲಿಗೂ ಕೆಲವು ಬಂದವು.

ಇದರ ಮೈಯ ರಹಸ್ಯ ಬೇರೊಂದಿದೆ. ಹೊರಗೆ ಕಾಣುವುದು ಉಕ್ಕಿನ ತಗಡು. ಆದರೆ ಆ ತಗಡನ್ನು ಹಿಡಿದು ನಿಲ್ಲಿಸಿರುವುದು ಮರದ ಹಂದರ. ‘ಆಷ್’ ಎಂಬ ವಿಲಾಯತಿ ಮರವನ್ನು ಕೊಯ್ದು, ಬಾಗಿಸಿ, ಕೂಡಿಸಿ ಹಂದರ ಕಟ್ಟಿ, ಅದಕ್ಕೆ ತಗಡನ್ನು ಮೊಳೆಯಿಂದ ಹೊಡೆದಿದ್ದಾರೆ. ಎಂದರೆ ಇದು ಅರ್ಧ ಮೋಟಾರು, ಅರ್ಧ ಸಾರೋಟು. ಬಾಗಿಲು ಮರದ ಕಂಬಕ್ಕೆ ತೂಗುತ್ತದೆ. ಆ ಕಂಬ ಲಡ್ಡಾಗಿದ್ದರೆ ಮೇಲಿನ ಬಣ್ಣ ಕನ್ನಡಿಯಂತಿದ್ದರೂ ಗಾಡಿ ಸತ್ತಂತೆಯೇ. ಇಂಗ್ಲೆಂಡಿನಲ್ಲಿ ಈ ಮರಕ್ಕೆ ತೇವವೇ ಶತ್ರು. ಚಿಕ್ಕಲಸಂದ್ರದಲ್ಲಿ ತೇವಕ್ಕಿಂತ ದೊಡ್ಡ ಶತ್ರು ಗೆದ್ದಲು.

ಮುದುಕ ಮೇಸ್ತ್ರಿಯೊಬ್ಬರು ಟಾರ್ಪಾಲನ್ನು ಸರಿಸಿ, ಬಾಗಿಲನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿ ನೋಡಿದರು. ಬಾಗಿಲು ಅರ್ಧ ಅಂಗುಲ ಮೇಲಕ್ಕೆ ಬಂತು. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಕಾಲಿಡುವ ಜಾಗದ ಕೆಳಗಿನ ಮರಕ್ಕೆ ಚುಚ್ಚಿದರು. ಅದು ಬೆಣ್ಣೆಯೊಳಕ್ಕೆ ಇಳಿದ ಹಾಗೆ ಇಳಿಯಿತು.

“ಇದಕ್ಕೆ ಬಣ್ಣ ಹೊಡೀತೀನಿ ಅಂದೋರು ಯಾರು ಸ್ವಾಮಿ?” ಎಂದರು ಮೇಸ್ತ್ರಿ.

“ಇಬ್ಬರೂ ಅಂದರು, ಮೇಸ್ತ್ರಿಗಳೇ.”

“ಮರದ ಬಾಬತ್ತು ಎಷ್ಟು ಬರೆದವ್ರೆ?”

ಯಜಮಾನರು ಕನ್ನಡಕ ಏರಿಸಿ ಎರಡು ಕಾಗದಗಳನ್ನೂ ನೋಡಿದರು. ಒಂದರಲ್ಲಿ ಮರವೆಂಬ ಮಾತೇ ಇರಲಿಲ್ಲ.

ಹಳೆಯ ಗಾಡಿಗಳ ಜೀರ್ಣೋದ್ಧಾರದಲ್ಲಿ ಹಣ ಹೋಗುವುದೂ, ಮೋಸ ನಡೆಯುವುದೂ ಕಣ್ಣಿಗೆ ಕಾಣದ ಜಾಗದಲ್ಲಿ. ಒಂದು ಎಸ್ಟಿಮೇಟು ಇನ್ನೊಂದರ ಮೂರನೆಯ ಒಂದು ಪಾಲಿದ್ದರೆ, ಕಡಮೆ ಹೇಳಿದವನು ಧರ್ಮಾತ್ಮನೆಂದೋ ಹೆಚ್ಚು ಹೇಳಿದವನು ಸುಲಿಗೆಗಾರನೆಂದೋ ಅರ್ಥವಲ್ಲ. ಇಬ್ಬರೂ ಬೇರೆ ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದಾರೆ. ಒಬ್ಬ ಹೊರಮೈಯನ್ನು ಉಜ್ಜಿ, ಗುಂಡಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದು, ಸೀಟಿಗೆ ಹೊಸ ಚರ್ಮ ಹೊದಿಸುತ್ತಾನೆ. ಇನ್ನೊಬ್ಬ ಗಾಡಿಯನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ಬರಿಯ ಚಾಸಿಯ ಎರಡು ತೊಲೆಗಳು ಉಳಿಯುವಂತೆ ಮಾಡಿ, ಅಲ್ಲಿಂದ ಮತ್ತೆ ಕಟ್ಟುತ್ತಾನೆ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ಗುಳ್ಳೆ ಏಳುತ್ತದೆ, ಇನ್ನೊಂದು ಏಳುವುದಿಲ್ಲ.

ಪುಟ್ಟಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ಒಂದು ಸಣ್ಣ ಅಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಮೈಯ ಮೇಲೆ ಸರಿಸುತ್ತ ಹೋದರೆ ಸಾಕು. ತಗಡಿದ್ದಲ್ಲಿ ಕಚ್ಚುತ್ತದೆ, ಪುಟ್ಟಿ ದಪ್ಪವಾಗಿದ್ದಲ್ಲಿ ಜಾರುತ್ತದೆ. ಈಗ ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ತೋರಿಸುವ ಅಂಗೈಯಗಲದ ಉಪಕರಣವೂ ದೊರೆಯುತ್ತದೆ. ಕಾರಖಾನೆಯ ಬಣ್ಣ ಸಾಮಾನ್ಯವಾಗಿ ನೂರು-ನೂರೈವತ್ತು ಮೈಕ್ರಾನು. ಮತ್ತೆ ಬಳಿದಿದ್ದರೆ ಅದರ ಎರಡು ಮೂರರಷ್ಟು. ಸಾವಿರ ದಾಟಿತೆಂದರೆ ಅಲ್ಲಿರುವುದು ಬಣ್ಣವಲ್ಲ, ಗಾರೆ. ಅಲ್ಯುಮಿನಿಯಂ ಮೈಯ ಗಾಡಿಗೆ ಅಯಸ್ಕಾಂತ ಹೇಗೂ ಅಂಟುವುದಿಲ್ಲವೆಂಬುದನ್ನು ಮರೆಯಬಾರದು. 1948ರಲ್ಲಿ ಹೊರಟ ಜಾಗ್ವಾರ್ ಎಕ್ಸ್.ಕೆ. 120ರ ಮೊದಲ ಸುಮಾರು 240 ಗಾಡಿಗಳಿಗೆ ಅಲ್ಯುಮಿನಿಯಂ ಮೈ; ಆಮೇಲಿನವಕ್ಕೆ ಉಕ್ಕಿನ ಮೈ. ಮೊದಲಿನ ಗುಂಪಿನದೆಂದು ಹೇಳಿ ಮಾರಲು ಬಂದ ಗಾಡಿಗೆ ಅಯಸ್ಕಾಂತ ಅಂಟಿತೆಂದರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಉಪಕರಣವಿಲ್ಲದವನಿಗೂ ಕಣ್ಣಿದೆ. ಇಳಿಹೊತ್ತಿನ ಓರೆ ಬಿಸಿಲಿನಲ್ಲಿ, ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪಕ್ಕದ ಮೈಯುದ್ದಕ್ಕೂ ನೋಟ ಹರಿಸಬೇಕು. ಎದುರುಮನೆಯ ತಂತಿಗಂಬದ ನೆರಳು ಬಣ್ಣದ ಮೇಲೆ ನೆಟ್ಟಗೆ ಹರಿದರೆ ತಗಡು ಬಡಿದವನು ಕೆಲಸಗಾರ. ಹಾವಿನಂತೆ ಕೊಂಕಿದರೆ ಪುಟ್ಟಿ ಎಳೆದವನ ಕೈ. ಬಾಗಿಲಿನ ಸುತ್ತಲ ಸಂದು ಮೇಲೂ ಕೆಳಗೂ ಒಂದೇ ಅಗಲವಿರಬೇಕು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿದರೆ ತಂಬೂರಿಯ ತಂತಿಯಂತೆ ಸ್ವರ ಬರಬೇಕು; ಮೂಕವಾದ ಕಡ್ಡಿ ಸಡಿಲವಾದದ್ದು. ಕಂಪ್ರೆಶನ್ ಅಳೆದಾಗ ನಾಲ್ಕು ಸಿಲಿಂಡರುಗಳೂ ಹೆಚ್ಚುಕಡಮೆ ಒಂದೇ ಅಂಕಿ ತೋರಿಸಬೇಕು. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರವಿದ್ದರೆ ಎಂಜಿನ್ನು ತೆರೆಯುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವವನು ಹೋಗುವ ಹೊತ್ತಿಗೆ ಎಂಜಿನ್ನು ತಣ್ಣಗಿರಬೇಕು. ಮೊದಲೇ ಓಡಿಸಿ ಬೆಚ್ಚಗಿಟ್ಟಿದ್ದರೆ ಮಾರುವವನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ತಿಳಿಯಬಹುದು.

ಟಿ.ಸಿ.ಯ ಎಂಜಿನ್ನಿನಲ್ಲಿ ಒಂದು ಸೋಜಿಗವಿದೆ. ಅದನ್ನು ಬಲ್ಲವನೇ ಬಲ್ಲ ಮೇಸ್ತ್ರಿ. ಮಾರಿಸ್ ಸಂಸ್ಥೆ 1923ರಲ್ಲಿ ಕವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯ ಎಂಜಿನ್ ಕಾರಖಾನೆಯನ್ನು ಕೊಂಡಿತು. ಅಲ್ಲಿದ್ದ ಯಂತ್ರಗಳೆಲ್ಲ ಫ್ರೆಂಚ್ ಪದ್ಧತಿಯ ಮಿಲಿಮೀಟರಿನ ಅಳತೆಯವು. ಯಂತ್ರಗಳನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? ತಿರುಪಿನ ಮರೆಗಳನ್ನು ಮಿಲಿಮೀಟರಿನಲ್ಲೇ ಉಳಿಸಿಕೊಂಡರು; ಆದರೆ ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಪೆಟ್ಟಿಗೆಯಲ್ಲಿದ್ದ ವಿಟ್‌ವರ್ತ್ ಸ್ಪ್ಯಾನರು ಹಿಡಿಯಲೆಂದು ಬೋಲ್ಟಿನ ತಲೆಯನ್ನು ಮಾತ್ರ ಇಂಗ್ಲಿಷ್ ಅಳತೆಗೆ ಮಾಡಿದರು. ಮೈ ಫ್ರಾನ್ಸಿನದು, ತಲೆ ಇಂಗ್ಲೆಂಡಿನದು! ಆ ವಂಶದಲ್ಲಿ ಹುಟ್ಟಿದ್ದು ಟಿ.ಸಿ.ಯ ಎಂಜಿನ್ನು. ಇದನ್ನು ಅರಿಯದವನು ಅಂಗಡಿಯ ಸಾಧಾರಣ ಬೋಲ್ಟನ್ನು ತಂದು ಬಲವಂತವಾಗಿ ತಿರುವಿದರೆ ಎರಕದ ಕಬ್ಬಿಣದ ಮರೆ ಕಿತ್ತುಬರುತ್ತದೆ. ಎಂಜಿನ್ನಿನ ಮೇಲೆ ಎಷ್ಟು ಬಗೆಯ ಬೋಲ್ಟಿನ ತಲೆಗಳಿವೆಯೆಂದು ಎಣಿಸಿದರೆ, ಆ ಗಾಡಿ ಎಂಥೆಂಥ ಕೈಗಳನ್ನು ದಾಟಿ ಬಂದಿದೆಯೆಂಬ ಚರಿತ್ರೆಯೇ ದೊರೆಯುತ್ತದೆ.

ಇನ್ನು ನಂಬರುಗಳ ಮಾತು. ಆಬಿಂಗ್ಡನ್ ಕಾರಖಾನೆಯ ಟೆಲಿಫೋನು ನಂಬರು 251. ಅದೇ ಅಂಕಿಯಿಂದ ಟಿ.ಸಿ.ಯ ಚಾಸಿಗಳನ್ನು ಎಣಿಸಲು ಪ್ರಾರಂಭಿಸಿದರು. ಆದ್ದರಿಂದ 251ಕ್ಕಿಂತ ಕಡಮೆಯ ಅಥವಾ ಹತ್ತು ಸಾವಿರದ ಇನ್ನೂರೈವತ್ತರ ಆಸುಪಾಸನ್ನು ಮೀರಿದ ಅಂಕಿಯ ಟಿ.ಸಿ. ಚಾಸಿ ಎಲ್ಲಿಯಾದರೂ ಕಂಡರೆ ಅದು ಟಿ.ಸಿ.ಯೇ ಅಲ್ಲ. ಚಾಸಿಯ ಅಂಕಿಯನ್ನು ಮುಂದಿನ ಎಡತೊಲೆಯ ಮೇಲೆಯೇ ಕೊರೆದಿದ್ದಾರೆ. ಎಂಜಿನ್ನಿನ ಅಂಕಿಯಾದರೋ ಎಂಟು ಮೂಲೆಯ ಹಿತ್ತಾಳೆಯ ಬಿಲ್ಲೆಯಲ್ಲಿದೆ. ಬಿಲ್ಲೆಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಹೊಡೆಯಲು ಎಷ್ಟು ಹೊತ್ತು ಬೇಕು? ಆರ್.ಸಿ. ಪುಸ್ತಕ, ಚಾಸಿ, ಬಿಲ್ಲೆ, ಈ ಮೂರೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಗಾಡಿಯ ಬೆಲೆಯ ಮಾತನ್ನೆತ್ತಬೇಕು.

ಇಷ್ಟೆಲ್ಲ ಹೊಸದಾಗಿ ಮಾಡಿದ ಮೇಲೆ ಉಳಿದದ್ದು ಹಳೆಯ ಗಾಡಿಯೇ ಎಂಬ ಸಂದೇಹ ವಾಚಕರಿಗೆ ಬಂದಿದ್ದರೆ ಅದು ನ್ಯಾಯವಾದದ್ದೇ. ನಮ್ಮ ಊರ ತೇರುಗಳ ಮುಂದೆ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಸೀಳಿದರೆ ಹೊಸ ಅಚ್ಚು. ನೂರು ವರ್ಷದಲ್ಲಿ ಒಂದು ಹಲಗೆಯೂ ಮೊದಲಿನದಾಗಿ ಉಳಿಯದಿದ್ದರೂ ತೇರು ಅದೇ ತೇರು, ಏಕೆಂದರೆ ಎಳೆಯುವ ಬೀದಿಯೂ ಕೂಡುವ ದೇವರೂ ಅದೇ. ಮೋಟಾರುಗಾಡಿಗೆ ದೇವರಿಲ್ಲ, ಆದ್ದರಿಂದ ಅದರ ವಿಷಯದಲ್ಲಿ ಜನ ಕೋರ್ಟಿಗೆ ಹೋಗುತ್ತಾರೆ.

ಹಾಗೆ ಹೋದ ಒಂದು ಖಟ್ಲೆ ಪ್ರಸಿದ್ಧವಾಗಿದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಗಾಡಿಯನ್ನು ಅದರ ಒಡೆಯ ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡ. ಕೊಳ್ಳಬೇಕಾದವರು ಆಮೇಲೆ ಹಿಂಜರಿದರು. ಆ ಗಾಡಿಯ ಚಾಸಿ, ಎಂಜಿನ್ನು, ಮೈ ಎಲ್ಲವೂ ಕಾಲಕಾಲಕ್ಕೆ ಬದಲಾಗಿವೆ, 1929ರದ್ದೆಂಬುದು ಅದರಲ್ಲಿ ಬಹಳ ಅಲ್ಪ, ಇದು ಆ ಗಾಡಿಯಲ್ಲ ಎಂಬುದು ಅವರ ವಾದ. 1990ರಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಾಧೀಶ ಆಟನ್ ಅವರು ಮಾರಿದವನ ಪರವಾಗಿ ತೀರ್ಪಿತ್ತರು. ಗಾಡಿ ಒಮ್ಮೆಲೇ ಅಳಿದು ಇನ್ನೊಂದಾಗಿ ಹುಟ್ಟಲಿಲ್ಲ. ಒಂದೊಂದು ಭಾಗ ಬದಲಾಗುತ್ತ, ನಡುವೆ ಎಲ್ಲಿಯೂ ಕಡಿಯದೆ ಬದುಕಿಕೊಂಡು ಬಂದಿದೆ. ಆದ್ದರಿಂದ ಇದು ಆ ಗಾಡಿಯೇ ಎಂಬುದು ತೀರ್ಪಿನ ತಿರುಳು. ತೇರಿನ ನ್ಯಾಯವೇ ಕೊನೆಗೆ ಬೆಂಟ್ಲಿಗೂ ಸಂದಿತೆನ್ನಬೇಕು.

ತೀರ್ಪು ಹೀಗಾದರೂ, ಬಲ್ಲವರ ಬಳಗದ ರುಚಿ ಬೇರೆ ಕಡೆಗೆ ತಿರುಗಿದೆ. ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಿಂದ ನಡೆಯುತ್ತ ಬಂದಿರುವ ಗಾಡಿಗಳ ಸೌಂದರ್ಯಸ್ಪರ್ಧೆಯಲ್ಲಿ ಬಹಳ ಕಾಲ ಹೊಳೆದದ್ದಕ್ಕೇ ಬಹುಮಾನ. ಕಾರಖಾನೆಯಿಂದ ಹೊರಟ ದಿನ ಇದ್ದುದಕ್ಕಿಂತ ಹೆಚ್ಚಾಗಿ, ಒದ್ದೆಯಾದ ಮಾವಿನ ಎಲೆಯಂತೆ ಹೊಳೆಯುವ ಗಾಡಿಗಳನ್ನು ತಂದು ನಿಲ್ಲಿಸಿದರು. 2001ರ ಹೊತ್ತಿಗೆ ಅಲ್ಲಿಯೇ ಮುಟ್ಟದೆ ಉಳಿಸಿಕೊಂಡ ಗಾಡಿಗಳಿಗೆಂದು ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಜಗತ್ತಿನ ಹಳೆಯ ವಾಹನಗಳ ಸಂಘಗಳ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ, ಇರುವುದನ್ನು ಕಾಪಾಡುವುದು ಮೊದಲು, ಹೊಸದಾಗಿ ಮಾಡುವುದು ಆಮೇಲೆ ಎಂಬ ಕ್ರಮವನ್ನೇ ಎತ್ತಿಹಿಡಿಯಿತು. ಶಿಥಿಲವಾದ ಶಿಲ್ಪಕ್ಕೆ ಸುಣ್ಣ ಬಳಿದವರನ್ನು ಕಂಡು ನೊಂದ ಕನ್ನಡಿಗರಿಗೆ ಈ ಮಾತು ಹೊಸದಾಗಿ ತೋರಲಾರದು.

ಚಿಕ್ಕಲಸಂದ್ರದ ಯಜಮಾನರಿಗೆ ಸರ್ಕಾರದ ಕಾನೂನೂ ಇದೇ ದಾರಿಯನ್ನು ತೋರಿಸುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಇಲಾಖೆ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿ ‘ವಿಂಟೇಜ್’ ಎನಿಸಿಕೊಳ್ಳಬಲ್ಲದು. ಆದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷವಾದ ಮೇಲೆ ನವೀಕರಣಕ್ಕೆ 5,000 ರೂಪಾಯಿ. ಹಳೆಯ ನೋಂದಣಿಯಿದ್ದ ಗಾಡಿ ಆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದೆಂಬುದು ದೊಡ್ಡ ಸಮಾಧಾನ. ತಂದೆಯ ಕಾಲದ ಮೈಸೂರು ರಾಜ್ಯದ ಅಕ್ಷರಗಳು ಉಳಿಯುತ್ತವೆ. ಅಂಥ ಗಾಡಿಯಲ್ಲಿ ದಿನವೂ ತರಕಾರಿಗೆ ಹೋಗುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಹೋಗಿಬರಬಹುದು. ಎಪ್ಪತ್ತು ದಾಟಿದ ಗಾಡಿಗೂ ಎಪ್ಪತ್ತು ದಾಟಿದ ಯಜಮಾನರಿಗೂ ಅಷ್ಟು ಓಡಾಟ ಸಾಲದೆ?

ಪೆಟ್ರೋಲಿನ ಮಾತು ಬಂದದ್ದು ಒಳ್ಳೆಯದಾಯಿತು. ಟಿ.ಸಿ. ಹುಟ್ಟಿದಾಗ ಪೆಟ್ರೋಲಿನಲ್ಲಿ ಸೀಸವಿತ್ತು. 2000ದಲ್ಲಿ ಭಾರತ ಅದನ್ನು ಪೂರಾ ಕೈಬಿಟ್ಟಿತು. ಈಗ ಬಂಕಿನಲ್ಲಿ ಬರುವುದು ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತದ್ದು. ಹಳೆಯ ರಬ್ಬರಿನ ನಳಿಗೆ, ಕಾರ್ಬುರೇಟರಿನ ಬಿರಡೆಗಳಿಗೆ ಎಥನಾಲ್ ಆಗದು. ಅವು ಉಬ್ಬಿ, ಮೆತ್ತಗಾಗಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿಸುತ್ತವೆ. ಆದ್ದರಿಂದ ಒಳ್ಳೆಯ ಎಸ್ಟಿಮೇಟಿನಲ್ಲಿ ಬಣ್ಣಕ್ಕಿಂತ ಮೊದಲು ನಳಿಗೆಗಳ ಹೆಸರಿರಬೇಕು, ಅದಕ್ಕಿಂತಲೂ ಮೊದಲು ಬ್ರೇಕು. ಹೊಳೆಯುವ ಗಾಡಿ ನಿಲ್ಲದೆ ಹೋದರೆ ಆ ಹೊಳಪನ್ನು ಮೆಚ್ಚಲು ಯಾರು ಉಳಿದಾರು? ಮೂಲರೂಪ, ಮೂಲರೂಪ ಎಂದು ಹಟ ಹಿಡಿದು ಎಪ್ಪತ್ತು ವರ್ಷದ ಬ್ರೇಕು ಹೋಸನ್ನು ಉಳಿಸಿಕೊಳ್ಳುವುದು ಶುದ್ಧ ಹುಚ್ಚು.

ವೆಚ್ಚದ ಲೆಕ್ಕಕ್ಕೆ ಬಂದರೆ, ಸಾಮಾನಿಗಿಂತ ಹೆಚ್ಚಿನದು ದುಡಿಮೆ. ಪೂರಾ ಬಿಚ್ಚಿ ಕಟ್ಟುವ ಕೆಲಸಕ್ಕೆ ಸಾವಿರ ಗಂಟೆಗೂ ಮೀರಿದ ದುಡಿಮೆ ಹಿಡಿಯುತ್ತದೆ. ಮಾತಿಗೆ 1,500 ಗಂಟೆ, ಗಂಟೆಗೆ 500 ರೂಪಾಯಿ ಎಂದಿಟ್ಟುಕೊಂಡರೆ ಕೂಲಿಯೊಂದೇ ಏಳೂವರೆ ಲಕ್ಷ. ‘ಎಲ್ಲ ಸೇರಿ ಮೂರು ಲಕ್ಷಕ್ಕೆ ಮಾಡಿಕೊಡುತ್ತೇನೆ’ ಎಂದವನನ್ನು ಕೇಳಬೇಕಾದದ್ದು ಒಂದೇ: ಎಷ್ಟು ಗಂಟೆ? ಉತ್ತರ ತಡವರಿಸಿದರೆ ಗಂಟೆಗಳನ್ನು ಎಲ್ಲಿ ಉಳಿಸುತ್ತಾನೆಂಬುದು ತಾನಾಗಿ ತಿಳಿಯುತ್ತದೆ.

ಕ್ರೋಮಿನ ಲೇಪವನ್ನೇ ನೋಡಬಹುದು. ಕಣ್ಣು ಕೋರೈಸುವ ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅದರ ಕೆಳಗೆ ನಿಕ್ಕಲ್ಲು, ಅದರ ಕೆಳಗೆ ತಾಮ್ರ. ತಾಮ್ರವನ್ನು ಕನ್ನಡಿಯಾಗುವವರೆಗೆ ಉಜ್ಜಿದಷ್ಟೇ ಹೊಳಪು ಮೇಲೆ ಬರುತ್ತದೆ. ತಾಮ್ರವನ್ನೇ ಬಿಟ್ಟು ನೇರವಾಗಿ ನಿಕ್ಕಲ್ಲು ಕ್ರೋಮು ಹೊಡೆದರೆ ಅಗ್ಗ. ಕೊಟ್ಟ ದಿನ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಬಣ್ಣದ ಕಥೆಯೂ ಇಷ್ಟೇ. ಡಬ್ಬಿಯ ಬೆಲೆ ದೊಡ್ಡದಲ್ಲ. ಬಳಿಯುವ ಮೊದಲು ಉಜ್ಜುವ ವಾರಗಳಿಗೆ ಬೆಲೆ.

ಸಾಮಾನಿನ ಶೋಧವಂತೂ ಬೆಂಗಳೂರಿನಲ್ಲಿ ಒಂದು ತೀರ್ಥಯಾತ್ರೆಯೇ ಸರಿ. ಮೊದಲು ಜೆ.ಸಿ. ರಸ್ತೆ, ಬೇರಿಂಗು, ಬೆಲ್ಟು, ಗ್ಯಾಸ್ಕೆಟ್ಟು ಏನನ್ನು ಹೆಸರಿಸಿದರೂ ಒಂದಲ್ಲ ಒಂದು ಅಂಗಡಿಯವನು ಅಟ್ಟದಿಂದ ಪೊಟ್ಟಣ ಇಳಿಸುತ್ತಾನೆ. ಅಲ್ಲಿ ಸಿಕ್ಕದ್ದು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕೀತು. ಅಲ್ಲಿಯೂ ಇಲ್ಲವೆಂದರೆ ಪೀಣ್ಯದ ಯಾವುದಾದರೂ ಯಂತ್ರಶಾಲೆಯಲ್ಲಿ ಮಾದರಿ ಕೊಟ್ಟು ಹೊಸದಾಗಿ ಕಡೆಸಬೇಕು. ಉಳಿದದ್ದು ಇಂಗ್ಲೆಂಡಿನಿಂದ. ಟಿ.ಸಿ.ಯ ಅದೃಷ್ಟವೆಂದರೆ ಅದರ ಬಹುತೇಕ ಬಿಡಿಭಾಗಗಳನ್ನು ಅಲ್ಲಿ ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಆದರೆ ಹಡಗಿನ ಕೂಲಿ, ಸುಂಕ ಸೇರಿ ಕೈಗೆ ಬರುವ ಹೊತ್ತಿಗೆ ಬೆಲೆಯ ಮುಖವೇ ಬೇರೆಯಾಗಿರುತ್ತದೆ. ಮೇಸ್ತ್ರಿ ‘ಬರೋ ವಾರ’ ಎಂದದ್ದು ಮುಂದಿನ ಯುಗಾದಿಯಾಗುವುದಕ್ಕೆ ಅರ್ಧ ಕಾರಣ ಇದೇ.

ಹೊರಗಿನ ಜಗತ್ತಿನ ಬೆಲೆ ತಿಳಿಯಬೇಕೆಂದವರಿಗೆ ಒಂದು ಅಂಕಿ: 2017ರಲ್ಲಿ ಜಾಗ್ವಾರ್ ಸಂಸ್ಥೆಯೇ ತನ್ನ ಹಳೆಯ ಇ-ಟೈಪ್ ಗಾಡಿಗಳನ್ನು ಬಿಚ್ಚಿ, ಹೊಸತಾಗಿ ಕಟ್ಟಿ ಮಾರಲು ಹೊರಟಾಗ ಬೆಲೆ 2,85,000 ಪೌಂಡಿನಿಂದ ಮೇಲಕ್ಕೆ. ಇ-ಟೈಪಿಗೆ ಅಷ್ಟು ಕೊಡುವವರಿದ್ದಾರೆ. ಟಿ.ಸಿ.ಯ ಪಾಡು ಹಾಗಲ್ಲ. ಅದನ್ನು ಸರಿಯಾಗಿ ಕಟ್ಟಿಸಿದ ವೆಚ್ಚ ಎಷ್ಟೋ ಸಲ ಅದು ಮಾರಾಟದಲ್ಲಿ ತರುವ ಬೆಲೆಯನ್ನು ಮೀರುತ್ತದೆ. ಲಾಭಕ್ಕೆಂದು ಈ ಕೆಲಸಕ್ಕೆ ಕೈಹಾಕಿದವನು ಆ ಹಣವನ್ನು ಹಿಂದೆ ಕೆಲಸ ಮಾಡಿದ ಬ್ಯಾಂಕಿನಲ್ಲಿಯೇ ಇಡುವುದು ಮೇಲು. ಬಿಚ್ಚಿಟ್ಟ ಗಾಡಿ ಅರ್ಧಕ್ಕೆ ನಿಂತರೆ, ಬಿಚ್ಚುವ ಮೊದಲಿದ್ದ ಬೆಲೆಯೂ ಬಾರದು. ಪೆಟ್ಟಿಗೆಗಳಲ್ಲಿ ತುಂಬಿದ ಗಾಡಿಯಷ್ಟು ಅನಾಥವಾದ ವಸ್ತು ಇನ್ನೊಂದಿಲ್ಲ.

ಮೇಸ್ತ್ರಿಗಳು ಕಾಫಿಯ ಲೋಟ ಕೆಳಗಿಟ್ಟು, ಮೂರನೆಯ ಎಸ್ಟಿಮೇಟನ್ನು ಬರೆಯಲು ತೊಡಗಿದರು.

“ಒಟ್ಟಿಗೆ ಗುತ್ತಿಗೆ ಹೇಳ್ತೀರಾ ಮೇಸ್ತ್ರಿಗಳೇ?”

“ಗುತ್ತಿಗೆ ಬೇಡಿ ಸ್ವಾಮಿ. ಗುತ್ತಿಗೆ ಅಂದ್ರೆ ನಾನು ಬೇಗ ಮುಗಿಸೋಕೆ ನೋಡ್ತೀನಿ. ಹಂತ ಹಂತವಾಗಿ ಕೊಡಿ. ಮೊದಲು ಮೈ ಇಳಿಸಿ ಮರ ಬಿಚ್ಚೋಣ. ಅಷ್ಟಕ್ಕೇ ಈಗ ಮುಂಗಡ. ಬಿಚ್ಚಿದ ಮೇಲೆ ನೀವೇ ಬಂದು ನೋಡಿ. ಬೇಡ ಅನ್ನಿಸಿದ್ರೆ ಅಲ್ಲಿಗೇ ನಿಲ್ಸಿ.”

“ಆಷ್ ಮರ ಇಲ್ಲಿ ಸಿಗುತ್ತದೆಯೇ?”

“ಎಲ್ಲಿಂದ ಸಿಗಬೇಕು? ತೇಗ ಹಾಕ್ತೀನಿ. ಗೆದ್ದಲು ಮುಟ್ಟಲ್ಲ. ಆದ್ರೆ ಬಿಲ್ಲಲ್ಲಿ ‘ತೇಗ’ ಅಂತಾನೇ ಬರೀತೀನಿ. ನಾಳೆ ಇದನ್ನ ಕೊಳ್ಳೋನಿಗೆ ನೀವು ಸುಳ್ಳು ಹೇಳಬಾರದು ನೋಡಿ.”

ಸ್ಪರ್ಧೆಯ ತೀರ್ಪುಗಾರರು ತೇಗವನ್ನು ಕಂಡರೆ ಅಂಕ ಕಳೆದಾರು. ಚಿಕ್ಕಲಸಂದ್ರದ ಮಣ್ಣನ್ನೂ ಅದರ ಗೆದ್ದಲನ್ನೂ ಬಲ್ಲವರು ಕಳೆಯಲಾರರು. ತೇಗ ಹಾಕಿದ್ದು ತಪ್ಪಲ್ಲ, ಹಾಕಿದ್ದನ್ನು ಮುಚ್ಚಿಟ್ಟರೆ ತಪ್ಪು. ತೆಗೆದ ಭಾಗ, ಹಾಕಿದ ಭಾಗ, ಪ್ರತಿಯೊಂದರ ಫೋಟೋ ಮತ್ತು ಬಿಲ್ಲು ಒಂದು ಕಡತದಲ್ಲಿ ಉಳಿದರೆ, ಆ ಕಡತವೇ ನಾಳೆ ಗಾಡಿಯ ಅರ್ಧ ಬೆಲೆ.

ಮಾರನೆಯ ವಾರ ಮೈ ಇಳಿಯಿತು. ಬಿಚ್ಚಿದ ಮರದ ಒಂದೊಂದು ತುಂಡಿಗೂ ಮೇಸ್ತ್ರಿ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಹುಡಿಯಾಗುತ್ತಿದ್ದುದನ್ನೂ ಬಿಡದೆ, ಗೋಣಿಯ ಮೇಲೆ ಸಾಲಾಗಿ ಜೋಡಿಸಿದರು. ಹೊಸದನ್ನು ಕೊಯ್ಯಲು ಹಳೆಯದೇ ಅಳತೆ. ಬಲಬಾಗಿಲ ಕಂಬದ ಒಳಮೈಯಲ್ಲಿ, ಎಪ್ಪತ್ತು ವರ್ಷ ಬೆಳಕು ಕಾಣದ ಜಾಗದಲ್ಲಿ, ಇಂಗ್ಲೆಂಡಿನ ಯಾವನೋ ಬಡಗಿ ಪೆನ್ಸಿಲಿನಿಂದ ಎಳೆದ ಗುರುತುಗೆರೆ ಇನ್ನೂ ಮಾಸಿರಲಿಲ್ಲ. ಅದರ ಫೋಟೋ ತೆಗೆದು, ಯಜಮಾನರು ಮಗನಿಗೆ ಕಳುಹಿಸಿದರು. ಮೂರನೆಯ ಎಸ್ಟಿಮೇಟಿನಲ್ಲಿ ಮರ, ಬ್ರೇಕು, ನಳಿಗೆ, ತಂತಿ, ಎಂಜಿನ್ನು ಎಂಬ ಸಾಲುಗಳ ಮುಂದೆ ಅಂಕಿಗಳಿದ್ದವು. ‘ಬಣ್ಣ’ ಎಂಬ ಸಾಲಿನ ಮುಂದೆ ಮೇಸ್ತ್ರಿ ಏನನ್ನೂ ಬರೆದಿರಲಿಲ್ಲ.